ಹಣೆಯ ಮೇಲಿನ ಸಿಂಹ

ಜಾಜು ನಿಮಗೆ ಗೊತ್ತೇ ಇರುತ್ತದೆ, ಹಬ್ಬ ಬಂದರೆ ಗೋಡೆಯ ಅಂಚಿಗೆ ಬಳಿಯುವ ಕೆಂಪು ಮಣ್ಣು. ಅದರ ಒಂದು ಉಂಡೆ ನಮ್ಮ ಮನೆಯ ದೇವರ ಗೂಡಿನಲ್ಲಿ ವಿಭೂತಿಗಟ್ಟಿಯ ಪಕ್ಕದಲ್ಲೇ ಕೂತಿರುತ್ತದೆ. ಬೇರೆಯವರಿಗೆ ಅದು ಬಣ್ಣ, ನಮಗೆ ಔಷಧ. ಭಾನುವಳ್ಳಿಯಲ್ಲಿ ನನ್ನ ಅಜ್ಜ, ಅಪ್ಪ, ಆಮೇಲೆ ದಾವಣಗೆರೆಯ ಕೆ.ಬಿ. ಬಡಾವಣೆಗೆ ಬಂದು ನೆಲೆಸಿದ ನಾನು, ಸರ್ಪಸುತ್ತು ಎದ್ದವರಿಗೆ ಜಾಜು ತೇದು, ಗುಳ್ಳೆಗಳ ಸುತ್ತ ಗೆರೆ ಎಳೆದು, ಗೆರೆಯ ಕೊನೆಗೊಂದು ಸಿಂಹವನ್ನು ಬರೆಯುತ್ತ ಬಂದವರು. ಸರ್ಪವು ಮೈಯನ್ನು ಸುತ್ತಿ ತಲೆಗೆ ಬಾಲ ಕೂಡಿಸಿದರೆ ಮನುಷ್ಯ ಉಳಿಯುವುದಿಲ್ಲ, ಸಿಂಹ ಕಾವಲು ಕೂತರೆ ಅದು ಮುಂದೆ ಹರಿಯುವುದಿಲ್ಲ ಎಂಬುದು ನಂಬಿಕೆ. ಬರೆಯುವುದು ಭಾನುವಾರ ಮತ್ತು ಗುರುವಾರ ಮಾತ್ರ. ಬರೆದ ಮೇಲೆ ನೀರು ಸೋಕಿಸಬಾರದು, ಸೂಜಿ ಚುಚ್ಚಿಸಬಾರದು. ಚುಚ್ಚಿದರೆ ಸರ್ಪ ಕೆರಳುತ್ತದಂತೆ. ನನ್ನ ಸಿಂಹವನ್ನು ನೋಡಿದಾಗಲೆಲ್ಲ ಹೆಂಡತಿ, ಇದಕ್ಕೆ ಹಾವು ಹೆದರುವುದು ಸುಳ್ಳು, ಇಲಿಯಾದರೆ ಹೆದರೀತು ಎಂದು ನಗುತ್ತಿದ್ದಳು. ನಾನು ನಗುತ್ತಿರಲಿಲ್ಲ. ಬಂದವರೆಲ್ಲ ವಾಸಿಯಾಗಿ ಕೈಮುಗಿಯುತ್ತಿದ್ದರಲ್ಲ!

ಎಸ್ಸೆಸ್ಸೆಲ್ಸಿವರೆಗೆ ಓದಿದವನು ನಾನು. ಚರ್ಮದ ಕೆಳಗೆ ನರವಿದೆ, ರಕ್ತವಿದೆ ಎಂದು ಪಾಠ ಒಪ್ಪಿಸಿದ್ದವನು. ಆದರೆ ಓದಿದ್ದನ್ನು ಶಾಲೆಯಲ್ಲಿಯೂ ನಂಬಿದ್ದನ್ನು ಮನೆಯಲ್ಲಿಯೂ ಬೇರೆಬೇರೆಯಾಗಿ ಇಟ್ಟುಕೊಂಡು, ಒಂದನ್ನೊಂದು ಭೇಟಿಯಾಗದಂತೆ ನೋಡಿಕೊಳ್ಳುವ ಜಾಣತನ ನಮ್ಮಂಥವರಿಗೆ ಸುಲಭವಾಗಿಯೇ ಒಲಿದಿರುತ್ತದೆ.

ಹೋದ ಬೇಸಿಗೆಯಲ್ಲಿ ಒಂದು ಸೋಮವಾರ ಹರಿಹರದಿಂದ ತಂಗಿ ಬಸಮ್ಮ ಫೋನು ಮಾಡಿದಳು. ಎಡ ಹಣೆಯಲ್ಲಿ ಉರಿಯಿತ್ತಂತೆ, ಆಮೇಲೆ ಕೆಂಪಗೆ ಗುಳ್ಳೆಗಳು ಎದ್ದವಂತೆ. ನಮ್ಮ ಕಡೆಯ ಬಿಸಿಲಿನಲ್ಲಿ ಬೆವರುಸಾಲೆ ಏಳುವುದು ಹೊಸದಲ್ಲ, ಹಾಗೆಂದುಕೊಂಡೇ ಅವಳು ಪೌಡರು ಹಚ್ಚಿಕೊಂಡಿದ್ದಳು. ಹಣೆಯ ಒಂದೇ ಕಡೆ ಎದ್ದಿದೆ, ತುರಿಕೆಗಿಂತ ನೋವೇ ಹೆಚ್ಚು ಎಂದಾಗ ಸರ್ಪಸುತ್ತೆಂದು ನನಗೆ ತಿಳಿದುಹೋಯಿತು. ಗುರುವಾರ ಬರುತ್ತೇನೆ, ಅಲ್ಲಿಯವರೆಗೆ ಡಾಕ್ಟರ ಹತ್ತಿರ ಹೋಗಬೇಡ ಎಂದು ಅಪ್ಪಣೆ ಕೊಟ್ಟೆ. ಗೆಳೆಯರೇ, ರೋಗವನ್ನು ಸರಿಯಾಗಿಯೇ ಗುರುತಿಸಿದ್ದೆ. ತಪ್ಪು ಆಮೇಲಿನದು.

ಗುರುವಾರ ಹೋದಾಗ ಬಸಮ್ಮನ ಸೊಸೆ ಶಶಿಕಲಾ ಬಾಗಿಲಲ್ಲೇ ನಿಂತಿದ್ದಳು.

“ಮಾವಾರ, ಮೂಗಿನ ತುದಿಗೂ ಒಂದು ಗುಳ್ಳೆ ಎದ್ದೈತೆ, ಕಣ್ಣು ಕೆಂಪಾಗೈತೆ. ದವಾಖಾನಿಗೆ ಕರ್ಕೊಂಡ್ ಹೋಗ್ಲೇನ್ರಿ?”

“ಸಿಂಹ ಕೂತ ಮ್ಯಾಲೆ ದವಾಖಾನಿ ಯಾಕವ್ವ?” ಎಂದೆ. ಬಸಮ್ಮ ಹಸುವಿನಂತೆ ಮುಖವೊಡ್ಡಿ ಕೂತಳು. ಹಣೆಯ ಮೇಲೆ ಸಿಂಹ ಬರೆದೆ, ಬಾಲವನ್ನು ಮೂಗಿನವರೆಗೆ ಇಳಿಸಿದೆ. ಇಷ್ಟು ಚೆಂದವಾಗಿ ಎಂದೂ ಬಂದಿರಲಿಲ್ಲವೆಂದು ಒಳಗೊಳಗೇ ಹಿಗ್ಗಿದೆ.

ಮರುದಿನ ಬೆಳಿಗ್ಗೆ ಅವಳ ಎಡಗಣ್ಣು ತೆರೆಯಲಿಲ್ಲ. ಶಶಿಕಲಾ ಯಾರನ್ನೂ ಕೇಳದೆ ಅತ್ತೆಯನ್ನು ದಾವಣಗೆರೆಯ ಕಣ್ಣಿನ ಡಾಕ್ಟರ ಹತ್ತಿರ ಕರೆತಂದು, ಅಲ್ಲಿಂದ ನನಗೆ ಫೋನು ಮಾಡಿದಳು. ನಾನು ಒಳಹೋದಾಗ ಆ ಡಾಕ್ಟರಮ್ಮ ಒದ್ದೆ ಹತ್ತಿಯಿಂದ ಜಾಜು ಒರೆಸುತ್ತ, ಇದನ್ನು ಬರೆದವರು ಯಾರು ಎಂದು ಕೇಳುತ್ತಿದ್ದರು.

“ನಾನೇ ಕನ್ನಡಿ ನೋಡ್ಕೊಂಡು ಬರ್ಕೊಂಡೆ, ಬಿಡ್ರಿ” ಎಂದಳು ಬಸಮ್ಮ.

ಉಗುರ ಸಂದಿಯಲ್ಲಿ ಇನ್ನೂ ಕೆಂಪು ಉಳಿದಿದ್ದ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಾನು ಗೋಡೆಗೆ ಒರಗಿ ನಿಂತೆ. ಶಶಿಕಲಾ ಒಮ್ಮೆ ನನ್ನತ್ತ ನೋಡಿದಳು, ಏನೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ಜಾಜು ಬಳಿದದ್ದು ಅಜ್ಞಾನ, ಅದಕ್ಕೆ ಕ್ಷಮೆ ಉಂಟು. ಆ ಮೌನಕ್ಕೆ ಏನು ಹೆಸರಿಡಲಿ?

ಡಾಕ್ಟರಮ್ಮ ಬೈಯಲಿಲ್ಲ, ಬಿಡಿಸಿ ಹೇಳಿದರು. ಚಿಕ್ಕಂದಿನಲ್ಲಿ ನಾವು ಅಮ್ಮ ಬಂದಳು ಎನ್ನುವ ಸೀತಾಳೆ ಸಿಡುಬು ವಾಸಿಯಾದ ಮೇಲೂ ಅದರ ವೈರಸ್ಸು ನರದ ಬುಡದಲ್ಲಿ ನಿದ್ದೆ ಹೋಗಿರುತ್ತದಂತೆ. ವಯಸ್ಸಾಗಿಯೋ ಬೇರೆ ಕಾರಣಕ್ಕೋ ಮೈಯ ಶಕ್ತಿ ಕುಂದಿದಾಗ ಎದ್ದು, ಅದೇ ನರದ ಹಾದಿ ಹಿಡಿದು ಚರ್ಮಕ್ಕೆ ಬರುತ್ತದಂತೆ. ಗುಳ್ಳೆ ಎದ್ದ ಎರಡು ಮೂರು ದಿನದೊಳಗೆ ಮಾತ್ರೆ ಶುರುಮಾಡಿದರೆ ಬಹಳ ಒಳ್ಳೆಯದು. ಮೂಗಿನ ತುದಿಗೆ ಗುಳ್ಳೆ ಬಂದರೆ ಕಣ್ಣಿಗೂ ಬರಬಹುದೆಂಬ ಮುನ್ಸೂಚನೆ, ಆಗ ಒಂದು ಗಳಿಗೆಯೂ ಕಾಯಬಾರದು. ಒಡೆದ ಗುಳ್ಳೆಗೆ ಮಣ್ಣು ಮೆತ್ತಿದರೆ ಕೀವು ಬೇರೆ. ಬಸಮ್ಮನ ಕಣ್ಣಿನ ಕಪ್ಪುಗುಡ್ಡೆಯ ಮೇಲೆ ಗಾಯವಾಗಿದೆ, ಕಲೆ ನಡುವೆ ಉಳಿದರೆ ದೃಷ್ಟಿ ಹೋಗಬಹುದು, ಈಗಲೇ ಏನೂ ಹೇಳಲಾಗದು ಎಂದರು. ಮೂಗಿನ ತುದಿಯ ಆ ಗುಳ್ಳೆಯ ಮೇಲೆಯೇ ನಾನು ಬಾಲ ಎಳೆದಿದ್ದೆ.

ಹಾಗಾದರೆ ಇಷ್ಟು ವರ್ಷ ವಾಸಿಯಾದವರೆಲ್ಲ ಹೇಗೆ ವಾಸಿಯಾದರು? ಇದನ್ನೂ ಕೇಳಿ ತಿಳಿದೆ. ಬಹಳ ಮಂದಿಗೆ ಕೆಲವು ವಾರಗಳಲ್ಲಿ ಅದು ತಾನಾಗಿಯೇ ಮಾಯುತ್ತದೆ. ಇನ್ನು ಸರ್ಪ ಪೂರ್ತಿ ಸುತ್ತದಿರುವುದು, ಮೈಯ ಒಂದು ಪಕ್ಕದ ನರ ನಟ್ಟನಡುವೆಯೇ ಮುಗಿಯುವುದರಿಂದ. ಯಾರೂ ದಾಟದ ಗಡಿಯಲ್ಲಿ ನಮ್ಮ ಸಿಂಹ ಮೂರು ತಲೆಮಾರು ಕಾವಲು ಕಾಯ್ದಿತ್ತು! ನಗು ಬಂತು, ಅದರ ಹಿಂದೆಯೇ ಭಯ ಬಂತು: ವಾಸಿಯಾಗದವರು ನಮ್ಮ ಬಾಗಿಲಿಗೆ ಮತ್ತೆ ಬಂದಿರಲಿಕ್ಕಿಲ್ಲ; ಬಂದವರನ್ನಷ್ಟೇ ನಾವು ಲೆಕ್ಕಕ್ಕೆ ಹಿಡಿದಿದ್ದೆವು.

ಮಾತ್ರೆ, ಮುಲಾಮು, ಕಣ್ಣಿಗೆ ಹನಿ ಶುರುವಾದವು. ಹನಿ ಹಾಕಲು ನಾನೇ ಹರಿಹರಕ್ಕೆ ಹೋಗಿ ಕೂತೆ. “ಕಣ್ಣು ಇಲ್ಲೈತಲ್ಲೋ ಅಣ್ಣಾ, ಮೂಗಿಗೆ ಹಾಕ್ಬ್ಯಾಡ” ಎಂದು ಬಸಮ್ಮ ಗದರುತ್ತಿದ್ದಳು. ಡಾಕ್ಟರ ಮುಂದೆ ಸುಳ್ಳೇಕೆ ಹೇಳಿದೆ ಎಂದು ಕೇಳುವ ಧೈರ್ಯ ನನಗಿರಲಿಲ್ಲ, ಹೇಳುವ ಇಚ್ಛೆ ಅವಳಿಗಿರಲಿಲ್ಲ. ಚರ್ಮದ ಗುಳ್ಳೆಗಳು ಒಣಗಿ ಹಕ್ಕಳೆ ಕಟ್ಟಿದವು. ಕಣ್ಣು ಮಾತ್ರ ಮಂಜಾಗಿಯೇ ಇತ್ತು.

ಬೇಸಿಗೆ ಕಳೆದು ಮಳೆ ಶುರುವಾದ ಮೇಲೆ ಕೊನೆಯ ತಪಾಸಣೆ. ಬಲಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ಬಸಮ್ಮ ಗೋಡೆಯ ಮೇಲಿನ ಕನ್ನಡ ಅಕ್ಷರಗಳನ್ನು ಶಾಲೆಯ ಹುಡುಗಿಯಂತೆ ಗಟ್ಟಿಯಾಗಿ ಓದತೊಡಗಿದಳು. ಸಾಲು ಇಳಿದಂತೆ ಅಕ್ಷರ ಸಣ್ಣದಾಯಿತು, ಅವಳ ದನಿಯೂ ಸಣ್ಣದಾಯಿತು. ಕೊನೆಯ ಸಾಲೊಂದು ಬಿಟ್ಟು ಉಳಿದದ್ದೆಲ್ಲ ಓದಿದಳು. ಕಲೆ ಉಳಿದಿದೆ, ಆದರೆ ಅಂಚಿನಲ್ಲಷ್ಟೇ ಇದೆ, ಕಣ್ಣಿಗೆ ಅಪಾಯವಿಲ್ಲ ಎಂದರು ಡಾಕ್ಟರಮ್ಮ. ನಾನು ಅವರ ಮೇಜಿನ ಮುಂದೆ ಹೋಗಿ ನಿಂತೆ.

“ಆ ಸಿಂಹ ಬರೆದೋನು ನಾನ್ರೀ, ಡಾಕ್ಟ್ರೆ. ಅವ್ಳಲ್ಲ.”

“ಗೊತ್ತಿತ್ತು. ತಮ್ಮ ಹಣೆ ಮೇಲೆ ತಾವೇ ಅಷ್ಟು ನೆಟ್ಟಗೆ ಗೆರೆ ಎಳೆಯೋಕಾಗುತ್ತಾ?” ಎಂದರು ಅವರು. “ಇನ್ಮೇಲೆ ಯಾರಾದ್ರೂ ಬಂದ್ರೆ?”

“ಅವತ್ತೇ ಇಲ್ಲಿಗೆ ಕರ್ಕೊಂಡ್ ಬರ್ತೀನ್ರಿ.”

ಜನ ಈಗಲೂ ಬರುತ್ತಾರೆ, ಯಾವ ವಾರವಾದರೂ ಸರಿ, ಬಂದ ಕೂಡಲೇ ಹೊರಡಿಸುತ್ತೇನೆ. ಮುಖದ ಮೇಲಿದ್ದರೆ ಕಣ್ಣಿನ ಡಾಕ್ಟರು, ಮೈಮೇಲಿದ್ದರೆ ಚರ್ಮದ ಡಾಕ್ಟರು. ಕೆಲವರು ಮುನಿಸಿಕೊಂಡು ಬೇರೆಡೆ ಹೋಗುವುದೂ ಉಂಟು. ಮೊನ್ನೆ ಉಕ್ಕಡಗಾತ್ರಿ ಕಡೆಯ ರೈತರೊಬ್ಬರು, ಬೆನ್ನಿಗೆದ್ದ ಗುಳ್ಳೆಗಳು ಮಾಯ್ದ ಮೇಲೆ ಕಾಯಿ, ಬಾಳೆಹಣ್ಣು ಹಿಡಿದು ಮನೆಗೆ ಬಂದು, ನಿಮ್ಮ ಕೈಗುಣ ದೊಡ್ಡದು ಎಂದು ಕೈಮುಗಿದರು. ನಾನು ಆಟೋ ನಿಲ್ಲಿಸಿದ್ದು ಬಿಟ್ಟರೆ ಬೇರೇನೂ ಮಾಡಿಲ್ಲವೆಂದು ಎಷ್ಟು ಹೇಳಿದರೂ ಕೇಳಲಿಲ್ಲ. ಹರಿಹರದಿಂದ ಬಂದಿದ್ದ ಬಸಮ್ಮ ಪಡಸಾಲೆಯಲ್ಲಿ ಅಕ್ಕಿ ಆರಿಸುತ್ತಿದ್ದಳು. ಒಂದು ಸಣ್ಣ ಕಲ್ಲನ್ನು ಹೆಕ್ಕಿ, ಎಡಗಣ್ಣಿನ ಹತ್ತಿರ ಹಿಡಿದು ನೋಡಿ ಆಚೆಗೆಸೆದು, ತಲೆಯೆತ್ತದೆಯೇ ಹೇಳಿದಳು:

“ಇರ್ಲಿ ಬಿಡಣ್ಣಾ. ಹೊತ್ತಿಗ್ ಸರಿಯಾಗಿ ಆಟೋಕ್ಕ ಕೈ ಮಾಡಾಕೂ ಕೈಗುಣ ಬೇಕು.”