ಯಾರ ಪೈಕಿಯೂ ಅಲ್ಲದವಳು

ಬ್ಯಾಡಗಿಯಲ್ಲಿ ಲಾರಿಯಿಂದ ನಮ್ಮ ಸಾಮಾನು ಇನ್ನೂ ಇಳಿದಿರಲಿಲ್ಲ. ಮನೆಯ ಮಾಲೀಕರು ಬೀಗದ ಕೈ ಹಿಡಿದುಕೊಂಡೇ, "ನೀವು ಯಾರ ಪೈಕಿರಿ?" ಎಂದರು. ಪೈಕಿ ಎಂದರೆ ಇಲ್ಲಿ ಕಡೆಯವರು, ಬಳಗದವರು. ಜಾತಿ ಕೇಳುತ್ತಿದ್ದಾರೆಂದು ನನಗೆ ಮೈಯೆಲ್ಲ ಉರಿಯಿತು. "ಯಾರ ಪೈಕಿಯೂ ಅಲ್ಲ, ಮೈಸೂರಿನವರು" ಎಂದೆ. ಬೀಗದ ಕೈ ಕೊಟ್ಟು ಹೋದರು. ಆಮೇಲೆ ಬೀದಿಯಲ್ಲಿ ಯಾರೂ ನನ್ನನ್ನು ಮಾತಾಡಿಸಲಿಲ್ಲ.

ಇದು ತೊಂಬತ್ತರ ದಶಕದ ಮೊದಲ ವರ್ಷಗಳ ಮಾತು. ಗಂಡನ ವರ್ಗಾವಣೆಗೆಂದು ನಾನು ವಿಜ್ಞಾನ ಪಾಠ ಮಾಡುತ್ತಿದ್ದ ಮೈಸೂರಿನ ಶಾಲೆ ಬಿಟ್ಟು ಬಂದಿದ್ದೆ. ಪಾಠ ಹೇಳದೆ ಮನೆಯಲ್ಲಿ ಕೂತರೆ ಹುಚ್ಚು ಹಿಡಿಯುತ್ತದೆನಿಸಿ, ಹಾವೇರಿಯ ಶಿಕ್ಷಕರ ಬಳಗವೊಂದನ್ನು ಸೇರಿದೆ. ಭಾನುವಾರ ಎಲ್ಲರೂ ಕೂಡಿ ಗಿರ್ಮಿಟ್ ಎಂಬ ಒಗ್ಗರಣೆ ಮಂಡಕ್ಕಿ ತಿಂದು, ಒಗ್ಗಟ್ಟಿನ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಿದ್ದರು. ಕಾರ್ಯದರ್ಶಿ ನನ್ನ ವಿಳಾಸವನ್ನೂ ಬರೆದುಕೊಂಡರು. ರಾಣೆಬೆನ್ನೂರಿನ ಹೈಸ್ಕೂಲಿನಲ್ಲಿ ವಿಜ್ಞಾನದ ಶಿಕ್ಷಕಿ ಬೇಕಾಗಿದ್ದ ಸುದ್ದಿ ಬಳಗದವರಿಗೆಲ್ಲ ಗೊತ್ತಿತ್ತು; ನನಗೆ ತಿಳಿಯುವಷ್ಟರಲ್ಲಿ ಇನ್ನೊಬ್ಬರು ಅಲ್ಲಿ ಪಾಠ ಶುರುಮಾಡಿದ್ದರು.

ನೇರ ಕಾರ್ಯದರ್ಶಿಯ ಮುಂದೆ ಹೋಗಿ ನಿಂತೆ.

"ಸಿಟ್ಟಾಗಬ್ಯಾಡ್ರಿ ಅಕ್ಕಾರ. ಸುದ್ದಿ ಯಾರ ಕಡೆ ಹೇಳಿ ಕಳಸೂದು? ನೀವು ಯಾರ ಪೈಕಿ ಅನ್ನೂದ ಗೊತ್ತಿಲ್ಲ."

"ವಿಳಾಸ ಬರೆದುಕೊಂಡಿದ್ದೀರಲ್ಲ? ಒಂದು ಕಾರ್ಡು ಹಾಕೋಕೆ ಆಗ್ಲಿಲ್ವಾ?"

"ಕಾರ್ಡ್ ಯಾರ್ ಬರಕೋತ ಕುಂದರ್ತಾರ್ರಿ!" ಎಂದು ನಕ್ಕರು.

ಆ ನಗು ನೆನೆದರೆ ಈಗಲೂ ನನ್ನ ಪಿತ್ತ ನೆತ್ತಿಗೇರುತ್ತದೆ. ಅಷ್ಟು ಜನರಲ್ಲಿ ಒಬ್ಬರಿಗಾದರೂ ನನ್ನ ನೆನಪಾಗಬೇಡವೇ? ಕೂಡಿ ತಿಂದ ಮಾತ್ರಕ್ಕೆ ಅದು ಬಳಗವೇ?

ಅಳತೆ ಕೊಡಲು ಹೋದಾಗ, ಪಕ್ಕದ ಮನೆಯಲ್ಲಿ ರವಿಕೆ ಹೊಲಿಯುವ ಮುಮ್ತಾಜಕ್ಕ ನನ್ನ ಗೋಳು ಕೇಳಿ ಮಷಿನ್ ನಿಲ್ಲಿಸಿ ನನ್ನನ್ನೇ ಬೈದರು. "ಯಾರ ಪೈಕಿನೂ ಅಲ್ಲಂದ್ರ ಹೆಂಗ್ರಿ? ನಾ ಸತ್ತೇನೇನು? ಮುಮ್ತಾಜನ ಪೈಕಿ ಅಂತ ಹೇಳ್ರಿ!"

ಅಂದಿನಿಂದ ಅಳತೆ ಕೊಡಲು ಬಂದ ಪ್ರತಿ ಹೆಂಗಸಿಗೂ ನನ್ನ ಕೆಲಸದ ಮಾತು ಹೇಳಿದರು. ಅವರಲ್ಲೊಬ್ಬ ನರ್ಸು ಕಾಗಿನೆಲೆಯಿಂದ ಸುದ್ದಿ ತಂದರು. ಅಲ್ಲಿನ ಶಾಲೆಯಲ್ಲಿ ಒಂದು ವರ್ಷದ ಮಟ್ಟಿಗೆ ಕೆಲಸ ಸಿಕ್ಕಿತು. ಬೀದಿಯವರೂ ಮಾತಾಡಿಸತೊಡಗಿದರು.

ಬೇಸಿಗೆ ರಜೆಯಲ್ಲಿ ಮೈಸೂರಿಗೆ ಹೋದೆ. ನಮ್ಮ ಹಳೆಯ ಶಾಲೆಯಲ್ಲಿ ನನ್ನ ಜಾಗಕ್ಕೆ ಕಾಯಂ ನೇಮಕವೇ ಆಗಿಹೋಗಿತ್ತು. ಜೊತೆಯಲ್ಲಿ ಎಂಟು ವರ್ಷ ಪಾಠ ಮಾಡಿದ ಗೆಳತಿ ಸರಳ ಆ ಸುದ್ದಿ ತಿಳಿಸಿ ನನಗೊಂದು ಕಾಗದವನ್ನೂ ಬರೆದಿರಲಿಲ್ಲ.

"ನೀನೀಗ ಅಲ್ಲಿಯವಳೇ ಆಗೋದ್ಯಲ್ಲ ಅಂದ್ಕೊಂಡ್ವಿ ಕಣೇ" ಎಂದಳು.

"ಹಾಗಂತ ನಿನಗೆ ಯಾರೇ ಹೇಳಿದ್ದು?" ಎಂದು ಕೂಗಾಡಿದೆ. ಅವಳು ತಂದಿಟ್ಟ ಕಾಫಿ ಮುಟ್ಟದೆ ಎದ್ದು ಬಂದೆ.

ಮರುದಿನ ರೈಲ್ವೆ ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುವವನು ಎಲ್ಲಿಗೆ ಎಂದಾಗ ಬಾಯಿತಪ್ಪಿ "ಊರಿಗೆ" ಎಂದುಬಿಟ್ಟೆ.

"ಯಾವ ಊರಮ್ಮಾ?" ಎಂದು ಆತ ರೇಗಿದ.