ತೊಗರಿ ಬೇರಿನ ಮನೆ ಅಳಿಯ

ಮದುವೆಯಾದ ಮೇಲೆ ನಾನು ಕಲಬುರಗಿಯ ಸೇಡಂ ರಸ್ತೆಯಲ್ಲಿರುವ ಮಾವನವರ ಮನೆಯಲ್ಲೇ ಉಳಿದುಬಿಟ್ಟೆ. ಕಾಲೇಜಿನಲ್ಲಿ ಸೂಕ್ಷ್ಮಜೀವಿಶಾಸ್ತ್ರ ಕಲಿಸುತ್ತೇನೆ. ಮಾವನವರ ಪ್ರಕಾರ ಅದು ಕಣ್ಣಿಗೆ ಕಾಣದ ಹುಳುಗಳ ಬಗ್ಗೆ ಮಾತಾಡಿ ಸಂಬಳ ಎಣಿಸುವ ಉದ್ಯೋಗ. ಕಮಲಾಪುರದ ತಮ್ಮ ಹೊಲದಲ್ಲಿ ಬೆವರಿಳಿದರೆ ಮಾತ್ರ ದುಡಿಮೆ. ಅವರ ಕಣ್ಣಲ್ಲಿ ಒಮ್ಮೆಯಾದರೂ ಉಪಯೋಗಕ್ಕೆ ಬರಬೇಕೆಂಬ ಹಟ ನನಗೆ.

ಆ ಮುಂಗಾರಿನಲ್ಲಿ ರೈಜೋಬಿಯಂ ಪುಡಿಯ ಪ್ಯಾಕೆಟ್ ತಂದು, ಬೆಲ್ಲದ ನೀರಿನಲ್ಲಿ ಕಲಸಿ ತೊಗರಿ ಬೀಜಕ್ಕೆ ಸವರಿದೆ. ನೆರಳಲ್ಲಿ ಹರವುತ್ತಾ ಪಾಠ ಶುರುಮಾಡಿದೆ. ಗಾಳಿಯ ಸಾರಜನಕವನ್ನು ಗೊಬ್ಬರವಾಗಿಸುವ ಬ್ಯಾಕ್ಟೀರಿಯಾಗಳಲ್ಲಿ ಮೂರು ಬಗೆ. ಅಜೊಟೋಬ್ಯಾಕ್ಟರ್ ಮಣ್ಣಿನಲ್ಲಿ ಸ್ವತಂತ್ರವಾಗಿರುತ್ತದೆ. ಅಜೋಸ್ಪಿರಿಲಂ ಜೋಳದಂಥ ಬೆಳೆಯ ಬೇರಿಗೆ ಅಂಟಿಕೊಂಡಿರುತ್ತದೆ. ರೈಜೋಬಿಯಂ ಮಾತ್ರ ತೊಗರಿಯ ಬೇರಿನೊಳಗೇ ಗಂಟು ಕಟ್ಟಿಕೊಂಡು, ಗಿಡ ಕೊಟ್ಟ ಸಕ್ಕರೆ ತಿಂದು, ಬದಲಿಗೆ ಸಾರಜನಕ ಕೊಡುತ್ತದೆ.

ಮಾವ ಬೀಜದಿಂದ ಕಣ್ಣೆತ್ತಲಿಲ್ಲ. "ಮೊದಲಿಂದು ಬ್ಯಾರೆ ಮನಿ ಮಾಡಿದಾಂವ. ಎರಡನೇದು ಬಾಜೂ ಮನ್ಯಾಗ ಇದ್ದು ಊಟಕ್ಕ ಬರಾಂವ. ಮೂರನೇದು ಮನಿ ಅಳಿಯ. ಹೌದಿಲ್ರಿ?"

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ನನ್ನ ಹೆಂಡತಿ ಮುಚ್ಚಿಕೊಳ್ಳಲೂ ಇಲ್ಲ. ಇಷ್ಟು ಚೊಕ್ಕವಾದ ವರ್ಗೀಕರಣವನ್ನು ನನ್ನ ಯಾವ ವಿದ್ಯಾರ್ಥಿಯೂ ಬರೆದಿರಲಿಲ್ಲ, ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು.

"ಆಮ್ಯಾಲ ಗಂಟು ಸೀಳಿ ನೋಡ್ರಿ. ಒಳಗ ಕೆಂಪಿದ್ರ ದುಡಿಯಾಕತ್ತಾವ ಅಂತ ತಿಳೀರಿ," ಎಂದೆ.

ಗಿಡ ಮೊಣಕಾಲೆತ್ತರ ಬಂದಾಗ ಇಬ್ಬರೂ ಹೊಲಕ್ಕೆ ಹೋದೆವು. ಒಂದು ಗಿಡವನ್ನು ಬೇರುಸಮೇತ ಎತ್ತಿದೆ. ಅಲ್ಲೊಂದು ಇಲ್ಲೊಂದು ಗಂಟು. ಉಗುರಿನಿಂದ ಸೀಳಿದರೆ ಒಳಗೆಲ್ಲ ಬಿಳಿ. ಪಕ್ಕದ ಗಿಡದ್ದೂ ಅದೇ ಹಾಡು. ನನ್ನ ಮುಖವೂ ಬಿಳಿಚಿಕೊಂಡಿತು.

"ಯೂರಿಯಾ ಹಾಕೀರೇನ್ರಿ?"

"ಹಾಕೀನಿ. ಅಷ್ಟು ಜೀವ ಕರ್ಕೊಂಡು ಬಂದೀರಿ, ಉಪಾಸ ಕೆಡವಲೇನು?"

ಬಂದವರಿಗೆ ಉಣಿಸದೆ ಕಳಿಸುವ ಮನೆತನ ಅದಲ್ಲ. ಯೂರಿಯಾದಿಂದ ಸಾರಜನಕ ಪುಕ್ಕಟೆ ಸಿಕ್ಕರೆ ಗಿಡ ಬ್ಯಾಕ್ಟೀರಿಯಾವನ್ನು ಒಳಗೆ ಕರೆಯುವುದಿಲ್ಲ, ಕರೆದರೂ ಅದು ಕೆಲಸ ಮಾಡುವುದಿಲ್ಲ ಎಂದು ತಲೆ ಚಚ್ಚಿಕೊಂಡು ವಿವರಿಸಿದೆ.

ಬದುವಿನ ಹತ್ತಿರದ ಸಾಲಿಗೆ ಹಾಕುವ ಹೊತ್ತಿಗೆ ಯೂರಿಯಾ ಮುಗಿದುಹೋಗಿತ್ತಂತೆ. ಅಲ್ಲಿ ಮಾವನವರೇ ಒಂದು ಗಿಡ ಎತ್ತಿದರು. ಬೇರಿನ ತುಂಬ ಗಂಟು. ಸೀಳಿದರು. ಒಳಗೆ ರಕ್ತದಂಥ ಕೆಂಪು. ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. ನನಗೋ ಅಳು ಬರುವಷ್ಟು ಖುಷಿ.

ಮನೆಗೆ ಬಂದು ಊಟಕ್ಕೆ ಕುಳಿತೆವು. ಅತ್ತೆ ನನ್ನ ಹೋಳಿಗೆಗೆ ತುಪ್ಪ ಸುರಿಯಲು ಬಂದರೆ ಮಾವ ಕೈ ಅಡ್ಡ ಹಿಡಿದರು.

"ಸಾಕು, ಸಾಕು. ದುಡಿಯಾಕತ್ತಾನ. ಜಾಸ್ತಿ ಹಾಕಿ ಕೆಡಿಸಬ್ಯಾಡ."