ಒಂದು ಹಿಡಿ ಹೈಡ್ರೋಸ್

ನಾನು ಏಳನೇ ಇಯತ್ತೆಯ ತನಕ ಓದಿದವನು. ನನ್ನ ತಂಗಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾಳೆ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು ಮನೆಯ ವಿಚಾರ ಕೇಳಿದರೆ ಹೊಲ, ಬೆಲ್ಲದ ಗಾಣ ಎಲ್ಲವನ್ನೂ ಬಿಟ್ಟು ಮೊದಲು ಈ ಮಾತನ್ನೇ ಹೇಳುತ್ತೇನೆ. ಜಮಖಂಡಿಯಲ್ಲಿ ಹತ್ತಿದವರಿಗೆ ತೇರದಾಳ ಬರುವುದರೊಳಗೆ ಅವಳು ಬಿ.ಎಸ್ಸಿ.ಗೆ ಯಾವ ವಿಷಯ ತೆಗೆದುಕೊಂಡಿದ್ದಳು ಎಂಬುದೂ ಗೊತ್ತಾಗಿರುತ್ತದೆ. ಕೇಳಿ ಕೇಳಿ ಬೇಸತ್ತ ಅವ್ವ, "ಕಂಡಕ್ಟರಗ ಹೇಳಿದ್ಯೋ ಇಲ್ಲೋ?" ಎಂದು ಚೇಷ್ಟೆ ಮಾಡುತ್ತಾಳೆ.

ಆ ತಂಗಿಯ ಮಾತನ್ನು ನಾನು ಅವಳ ಶಾಲೆಯ ಮಕ್ಕಳ ಮುಂದೆ ಸುಳ್ಳು ಮಾಡಿದೆ. ಅದನ್ನು ಬರೆಯಲು ಕೂತಿದ್ದೇನೆ.

ಗಾಣಕ್ಕೆ ಬರುವ ಮೊದಲು ನಾನು ಬಹಳ ವರ್ಷ ಬನಹಟ್ಟಿಯ ಒಂದು ಬಣ್ಣದ ಮನೆಯಲ್ಲಿದ್ದೆ. ಮಗ್ಗಕ್ಕೆ ಹೋಗುವ ನೂಲಿನ ಲಡಿಗಳಿಗೆ ಬಣ್ಣ ಹಾಕುವ ಕೆಲಸ. ಅದರಲ್ಲಿ ನನಗೆ ಬಲು ಇಷ್ಟವಾದದ್ದು ನೀಲಿ. ಬೆಚ್ಚಗಿನ ನೀರಿಗೆ ಬಣ್ಣ, ಕಾಸ್ಟಿಕ್ ಸೋಡಾ ಹಾಕಿ, ಮೇಲೆ ಹೈಡ್ರೋಸ್ ಎಂಬ ಬಿಳಿ ಪುಡಿ ಉದುರಿಸಿ ಕೋಲಾಡಿಸಿದರೆ ಕಡುನೀಲಿ ನೀರು ಮೆಲ್ಲಗೆ ಹಳದಿ ಮಿಶ್ರಿತ ಹಸಿರಾಗುತ್ತದೆ. ಗಂಧಕ ಸುಟ್ಟಂಥ ವಾಸನೆ ಮೂಗಿಗೆ ಹೊಡೆಯುತ್ತದೆ. ಲಡಿ ಅದ್ದಿ ತೆಗೆದರೆ ನೂಲೂ ಅದೇ ಹಸಿರು. ಹಿಂಡಿ ಕೊಡವಿ ಗಳಕ್ಕೆ ಹಾಕಿದರೆ, ಗಾಳಿ ತಾಗಿದಲ್ಲೆಲ್ಲ ನೀಲಿ ಏಳುತ್ತದೆ. ನೋಡುತ್ತ ನಿಂತಂತೆ ಇಡೀ ಲಡಿ ನೀಲಿಯಾಗುತ್ತದೆ. ಹೈಡ್ರೋಸ್ ಕಡಿಮೆ ಬಿದ್ದರೆ ಬಣ್ಣ ನೂಲಿನ ಒಳಗೆ ಇಳಿಯದೆ ಮೇಲೇ ಕೂತು, ತಿಕ್ಕಿದರೆ ಕೈಗೆ ಬರುತ್ತದೆ. ಎಷ್ಟು ಬೇಕೆಂಬುದನ್ನು ನಾನು ತಕ್ಕಡಿ ನೋಡಿ ಕಲಿತವನಲ್ಲ. ನೀರಿನ ಬಣ್ಣ ನೋಡಿ, ವಾಸನೆ ನೋಡಿ ಹಾಕುತ್ತಿದ್ದೆ. ತಪ್ಪುತ್ತಿರಲಿಲ್ಲ.

ಜಮಖಂಡಿಯಲ್ಲಿ ಕಾಲೇಜಿಗೆ ಹೋಗುವಾಗ ತಂಗಿ ಒಮ್ಮೆ ಅಲ್ಲಿಗೆ ಬಂದಿದ್ದಳು. ಬುತ್ತಿ ಕೊಡುವುದು ನೆಪ, ನೋಡಬೇಕೆಂದಿದ್ದದ್ದು ಬಣ್ಣದ ತೊಟ್ಟಿಯನ್ನು. ನಾನು ಒಂದು ಲಡಿ ಅದ್ದಿ ತೆಗೆದು ಅವಳ ಮುಂದೆ ಹಿಡಿದೆ. ಅದು ಹಸಿರಿನಿಂದ ನೀಲಿಗೆ ತಿರುಗುವ ತನಕ ಅವಳು ಕಣ್ಣು ಮಿಟುಕಿಸಲಿಲ್ಲ. ಆಮೇಲೆ ಹೈಡ್ರೋಸ್ ಬಣ್ಣದಿಂದ ಆಮ್ಲಜನಕವನ್ನು ಕಿತ್ತುಕೊಳ್ಳುತ್ತದೆ, ಗಾಳಿ ಅದನ್ನು ತಿರುಗಿ ಕೊಡುತ್ತದೆ ಎಂದು ನನಗೆ ತಿಳಿಯುವ ಹಾಗೆ ಹೇಳಿದಳು. ಅಷ್ಟು ವರ್ಷ ನನ್ನ ಕೈಯಲ್ಲೇ ನಡೆದದ್ದಕ್ಕೆ ಕಾರಣ ನನಗೆ ಗೊತ್ತಾದದ್ದು ಅವತ್ತು.

"ನಾವು ಪುಸ್ತಕದಾಗ ಓದೂದನ್ನ ನೀ ದಿನಾ ಮಾಡಾಕತ್ತಿಯಲ್ಲೋ ಅಣ್ಣಾ," ಎಂದಳು.

ಅವಳು ಹೋದ ಮೇಲೆ ಜೊತೆಯವರು ನನ್ನನ್ನು ಸಂಜೆಯ ತನಕ ಮಾಸ್ತರ ಎಂದೇ ಕರೆದರು. ನನಗೆ ಅದು ಚೇಷ್ಟೆ ಅನ್ನಿಸಲಿಲ್ಲ.

ಅಪ್ಪನಿಗೆ ಮೊಣಕಾಲು ನೋವು ಬಂದ ಮೇಲೆ ನಾನು ಬಣ್ಣದ ಮನೆ ಬಿಟ್ಟು ಹಿಪ್ಪರಗಿ ಕಡೆಯ ನಮ್ಮ ಹೊಲಕ್ಕೆ ಬಂದು ಗಾಣ ಹಿಡಿದೆ. ಬರುವಾಗ ತಂದದ್ದು ಎರಡು: ಒಂದು ನನ್ನ ಕಣ್ಣು, ಇನ್ನೊಂದು ಹೈಡ್ರೋಸಿನ ಡಬ್ಬಿ. ನಮ್ಮ ಕಡೆಯ ಗಾಣಗಳಿಗೆ ಆ ಪುಡಿ ಹೊಸದೇನಲ್ಲ. ಕುದಿಯುವ ಕಬ್ಬಿನ ಹಾಲಿಗೆ ಒಂದು ಹಿಡಿ ಬಿದ್ದರೆ ಕಂದು ಪಾಕ ಕಣ್ಣೆದುರಿಗೇ ತಿಳಿಯಾಗಿ, ಬೆಲ್ಲ ಬಂಗಾರದ ಹಾಗೆ ಹಳದಿಯಾಗುತ್ತದೆ. ಮುಧೋಳದ ಪೇಟೆಯಲ್ಲಿ ಬೆಲ್ಲದ ಪೆಂಟಿಯನ್ನು ಮೊದಲು ಕಣ್ಣಿನಿಂದ ನೋಡುತ್ತಾರೆ, ಆಮೇಲೆ ನಾಲಗೆಗೆ ಹಚ್ಚುತ್ತಾರೆ. ಬೇರೆಯವರು ಅಂದಾಜಿಗೆ ಹಾಕುತ್ತಿದ್ದರು. ನಾನು ಬಣ್ಣದ ಮನೆಯವನು, ಅಳತೆ ಬಲ್ಲವನು. ಆದ್ದರಿಂದ ನಮ್ಮ ಬೆಲ್ಲಕ್ಕೆ ಹೆಸರು ಬಂತು.

ಆ ಹೊತ್ತಿಗೆ ತಂಗಿಗೆ ತೇರದಾಳ ಕಡೆಯ ಹೈಸ್ಕೂಲಿನಲ್ಲಿ ನೌಕರಿ ಆಗಿತ್ತು. ಮನೆಯಿಂದಲೇ ಸ್ಕೂಟಿಯ ಮೇಲೆ ಹೋಗಿ ಬರುತ್ತಿದ್ದಳು. ಒಂದು ದೀಪಾವಳಿಗೆ, ಗಾಣ ಶುರುವಾಗುವ ಮೊದಲು, ಅವಳು ನನ್ನ ಡಬ್ಬಿಯನ್ನು ಕೈಯಲ್ಲಿ ಹಿಡಿದು ಮಾತು ತೆಗೆದಳು. ಇದು ನೂಲಿಗೆ ಹಾಕುವ ಪುಡಿ, ತಿನ್ನುವುದಕ್ಕಲ್ಲ ಎಂದಳು. ನಾನು ಅದು ಹಬೆಯಲ್ಲಿ ಹಾರಿ ಹೋಗುತ್ತದೆ, ವಾಸನೆ ಹೋಯಿತೆಂದರೆ ಪುಡಿಯೂ ಹೋದಂತೆ ಎಂದೆ. ಬಣ್ಣದ ಮನೆಯಲ್ಲಿ ನಾವು ಹಾಗೇ ತಿಳಿದಿದ್ದೆವು. ಅದರ ಅಂಶ ಬೆಲ್ಲದಲ್ಲಿ ಉಳಿಯುತ್ತದೆ, ದಮ್ಮು ಇದ್ದವರಿಗೆ ಅದು ಆಗಿಬರುವುದಿಲ್ಲ ಎಂದು ಅವಳು ವಾದ ಮಾಡದೆ ಹೇಳಿದಳು. ಅವ್ವನಿಗೆ ದಮ್ಮು ಇದೆ. ಇನ್ನು ಮುಂದೆ ಸುಣ್ಣದ ತಿಳಿ ಮತ್ತು ಬೆಂಡೆಗಿಡದ ಲೋಳೆ ಬಿಟ್ಟು ಬೇರೆ ಏನೂ ಕಡಾಯಿಗೆ ಬೀಳುವುದಿಲ್ಲ ಎಂದು ಮಾತು ಕೊಟ್ಟೆ.

ಆ ಸಲದ ಮೊದಲ ಬೆಲ್ಲ ಚೆನ್ನಾಗಿಯೇ ಬಂತು. ಹೊಳೆಯ ದಂಡೆಯ ಕಬ್ಬು ಅದು. ಸುಣ್ಣ ಹಾಲಿನ ಹುಳಿ ಮುರಿಯಿತು. ಬೆಂಡೆಯ ಲೋಳೆ ಕೊಳೆಯನ್ನೆಲ್ಲ ಹಿಡಿದು ಮೇಲಕ್ಕೆ ತಂದಿತು. ಜರಡಿ ಸೌಟಿನಿಂದ ತೆಗೆದು ತೆಗೆದು ಕೈ ಸೋತರೂ ಬೆಲ್ಲ ಜೇನಿನ ಬಣ್ಣಕ್ಕೆ ಇಳಿಯಿತು. ತಂಗಿ ಒಂದು ಚೂರು ಬಾಯಿಗೆ ಹಾಕಿಕೊಂಡು ನನ್ನ ಕಡೆ ನೋಡಿ ನಕ್ಕಳು. ಬಿ.ಎಸ್ಸಿ. ಪಾಸಾದದ್ದು ನಾನೇ ಏನೋ ಅನ್ನಿಸಿತು.

ಕಷ್ಟವಾದದ್ದು ಸವಳು ಹೊಲದ ಕಬ್ಬಿಗೆ. ನಮ್ಮ ಕೆಳಗಿನ ಪಟ್ಟಿ, ನೀರು ಹೆಚ್ಚಾಗಿ ನೆಲದ ಉಪ್ಪು ಮೇಲೆ ಬಂದದ್ದು. ಅಲ್ಲಿನ ಹಾಲಿಗೆ ಎಷ್ಟು ಸುಣ್ಣ ಹಾಕಿದರೂ ಬೆಲ್ಲ ಕಪ್ಪಾಗಿ, ಮೆತ್ತಗಾಗಿ, ನಾಲಗೆಯ ತುದಿಗೆ ಉಪ್ಪುಪ್ಪಾಗಿ ಬರುತ್ತದೆ.

ಅದೇ ಹೊತ್ತಿಗೆ ತಂಗಿ ಒಂದು ವಿಚಾರ ಮಾಡಿದಳು. ಒಂಬತ್ತನೆಯ ತರಗತಿಯ ಮಕ್ಕಳು ತಮ್ಮ ತಮ್ಮ ಮನೆಯಿಂದ ಒಂದು ಚೂರು ಬೆಲ್ಲ ತರಬೇಕು. ಜೋಳದ ಹಿಟ್ಟನ್ನು ನೀರಿನಲ್ಲಿ ಕುದಿಸಿ ತೆಳ್ಳಗೆ ಮಾಡಿ, ಅದಕ್ಕೆ ಗಾಯಕ್ಕೆ ಹಚ್ಚುವ ಅಯೋಡಿನ್ ಒಂದು ಹನಿ ಹಾಕಿದರೆ ನೀಲಿಯಾಗುತ್ತದೆ. ಆ ನೀಲಿಗೆ ಬೆಲ್ಲದ ನೀರು ಹಾಕಬೇಕು. ಹೈಡ್ರೋಸ್ ಇದ್ದರೆ ನೀಲಿ ಅಲ್ಲೇ ಮಾಯವಾಗುತ್ತದೆ, ಇಲ್ಲದಿದ್ದರೆ ಉಳಿಯುತ್ತದೆ. ಒಳ್ಳೆಯ ಬೆಲ್ಲ ಹೇಗಿರುತ್ತದೆ ಎಂದು ತೋರಿಸಲು ನಮ್ಮ ಗಾಣದ ಹೊಸ ಬೆಲ್ಲ ಒಯ್ಯುತ್ತೇನೆ ಎಂದು ಅವಳು ಹೇಳಿದ್ದು ಪರೀಕ್ಷೆಗೆ ಮೂರು ದಿನ ಮೊದಲು. ಆವತ್ತು ಕಡಾಯಿಯಲ್ಲಿ ಇದ್ದದ್ದು ಕೆಳಗಿನ ಪಟ್ಟಿಯ ಹಾಲು.

ಪಾಕ ಕಪ್ಪಾಗುತ್ತ ಬಂತು. ಟೀಚರ್ ಮನೆಯ ಬೆಲ್ಲ ಇದೇನಾ ಎಂದು ಮಕ್ಕಳು ನಗುವುದು ನನ್ನ ಕಿವಿಗೆ ಕೇಳಿಸಿದಂತಾಯಿತು. ಅವಳು ಪುಡಿಯನ್ನು ಹುಡುಕುವ ಪರೀಕ್ಷೆ ಮಾಡುವವಳಿದ್ದಾಳೆ ಎಂಬುದು ನನಗೆ ಗೊತ್ತಿತ್ತು. ಆದರೂ ಹಾಕಿದೆ. ಪಾಕ ಗಟ್ಟಿಯಾಗುವ ಮುಂಚೆಯೇ ಹಾಕಿ ವಾಸನೆ ಪೂರ್ತಿ ಹೋಗುವ ತನಕ ಕಾಯಿಸಿದರೆ ಯಾವ ಪರೀಕ್ಷೆಗೂ ಸಿಗುವುದಿಲ್ಲ ಎಂದು ನನ್ನ ಮೂಗಿನ ಮೇಲೆ ನನಗೆ ಅಷ್ಟು ನಂಬಿಕೆ. ಒಂದು ಹಿಡಿ, ಅದೂ ಸಡಿಲ ಹಿಡಿ. ಬೆಲ್ಲ ಬಂಗಾರವಾಯಿತು. ಅವಳು ಅದನ್ನು ಡಬ್ಬಿಗೆ ಹಾಕಿಕೊಂಡು, ಸವಳು ಕಬ್ಬಿನಲ್ಲಿ ಇಂಥ ಬಣ್ಣ ತೆಗೆದೆಯಲ್ಲ ಎಂದು ಬೆರಗಾಗಿ ಹೋದಳು.

ಪರೀಕ್ಷೆ ಮಾಡಿದ ದಿನ ಮಧ್ಯಾಹ್ನ ಅವಳು ಬಂದಾಗ ನಾನು ಗಾಣದ ಹತ್ತಿರ ಬೆಂಡೆಗಿಡ ಜಜ್ಜುತ್ತಿದ್ದೆ. ಸ್ಕೂಟಿ ನಿಲ್ಲಿಸಿ, ನೀರೂ ಕುಡಿಯದೆ ನನ್ನ ಎದುರಿಗೆ ಬಂದು ಕೂತಳು.

"ನಮ್ಮ ಬೆಲ್ಲಕ್ಕೂ ನೀಲಿ ಹೋತು ಅಣ್ಣಾ."

ನಾನು ಕೈಯಲ್ಲಿದ್ದ ಗಿಡ ಬಿಡಲಿಲ್ಲ. ಅದು ನೆಲದ ಉಪ್ಪಿನ ಗುಣ ಇರಬೇಕು ಎಂದೆ. ಅವಳು ಎದ್ದು ಮನೆಯೊಳಗೆ ಹೋದಳು. ಬರುವಾಗ ಎರಡು ಸ್ಟೀಲ್ ಲೋಟ, ಅಯೋಡಿನ್ ಬಾಟಲಿ, ಹಿಟ್ಟಿನ ಗಂಜಿ ತಂದಿದ್ದಳು. ಒಂದು ಲೋಟಕ್ಕೆ ಆ ಸಲದ ಮೊದಲ ಬೆಲ್ಲದ ನೀರು, ಇನ್ನೊಂದಕ್ಕೆ ಮೊನ್ನೆಯದು. ಮೊದಲನೆಯದರಲ್ಲಿ ನೀಲಿ ನಿಂತಿತು. ಎರಡನೆಯದರಲ್ಲಿ ಅದು ಒಮ್ಮೆ ಸುರುಳಿ ಸುತ್ತಿ ಇಲ್ಲವಾಯಿತು. ಗಳದ ಮೇಲೆ ನೀಲಿ ಬರುವುದನ್ನು ಸಾವಿರ ಸಲ ನೋಡಿದ್ದೆ. ನನ್ನ ಪುಡಿಯಿಂದ ಅದು ಹೀಗೆ ಹೋಗುವುದನ್ನು ನೋಡುತ್ತ ಕೂರುವುದು ಬೇರೆಯೇ.

ಉಪ್ಪಿನ ಗುಣ ಇದ್ದರೆ ಇದನ್ನೂ ನೋಡೋಣ ಎಂದು ಲೋಟ ತೊಳೆದು ಮತ್ತೆ ನೀಲಿ ಮಾಡಿ, ಕೆಳಗಿನ ಪಟ್ಟಿಯ ಕಬ್ಬಿನ ಹಸಿ ಹಾಲನ್ನೂ ಹಾಕಿದಳು. ನೀಲಿ ನಿಂತಿತು. ಇನ್ನು ನನಗೆ ಹೇಳಲು ಉಳಿದದ್ದು ನಿಜ ಒಂದೇ. ಹೇಳಿದೆ.

ತರಗತಿಯಲ್ಲಿ ಏನಾಯಿತೆಂದು ಆಮೇಲೆ ಕೇಳಿದೆ. ನಲವತ್ತು ಮಕ್ಕಳ ಎದುರಿಗೆ ನೀಲಿ ಹೋದಾಗ ಒಂದು ಹುಡುಗಿ, ಇದು ಯಾರ ಮನೆಯ ಬೆಲ್ಲರೀ ಟೀಚರ್ ಎಂದು ಕೇಳಿದಳಂತೆ. ಪೇಟೆಯದು ಎನ್ನಬಹುದಿತ್ತು, ಅಯೋಡಿನ್ ಹಳೆಯದು ಎನ್ನಬಹುದಿತ್ತು. ಇವಳು ಇದು ನಮ್ಮ ಮನೆಯದು, ಇದರಲ್ಲಿಯೂ ಇದೆ, ಬರೆದುಕೊಳ್ಳಿ ಎಂದಳಂತೆ. ಅಷ್ಟು ಹೇಳಿ ಮುಂದಿನ ಚೂರನ್ನು ತೆಗೆದುಕೊಂಡಳಂತೆ.

ಇದನ್ನು ಕೇಳಿ ನನ್ನ ತಲೆ ತಗ್ಗಿತು. ಆದರೆ ಎದೆ ತಗ್ಗಲಿಲ್ಲ, ಅದನ್ನು ಮುಚ್ಚಿಡುವುದಿಲ್ಲ. ಇಂಥವಳನ್ನು ಎತ್ತಿ ಆಡಿಸಿದವನು ನಾನು.

"ಹಾಕಿದ್ದು ಇದೊಂದ ಸಲ ಏನು?" ಎಂದಳು.

"ಇದೊಂದ ಸಲ," ಎಂದೆ.

ಮುಂದಿನ ವಾರ ನಾನೇ ಅವಳ ಶಾಲೆಗೆ ಹೋದೆ. ಕೆಳಗಿನ ಪಟ್ಟಿಯದೇ ಬೆಲ್ಲ, ಏನೂ ಹಾಕದ್ದು, ಕರಿ ಎಮ್ಮೆಯ ಬಣ್ಣದ್ದು, ವಸ್ತ್ರದಲ್ಲಿ ಕಟ್ಟಿಕೊಂಡಿದ್ದೆ. ಹೆಡ್‌ಮಾಸ್ತರರು ಕುರ್ಚಿ ಕೊಟ್ಟರು, ನಾನು ಕೂರಲಿಲ್ಲ. ಮಕ್ಕಳಿಗೆ ನಾನು ಬಣ್ಣದ ಮನೆಯಲ್ಲಿ ಕಲಿತದ್ದು, ಟೀಚರಿಗೆ ಮಾತು ಕೊಟ್ಟದ್ದು, ಬಣ್ಣ ಚೆಂದ ಕಾಣಲೆಂದು ಮಾತು ಮುರಿದದ್ದು ಎಲ್ಲ ಹೇಳಿದೆ. ಹಿಂದಿನ ಬೆಂಚಿನಿಂದ ಒಂದು ದನಿ ಬಂತು.

"ಇದರಾಗ ಹಾಕಿಲ್ಲಂತ ಹ್ಯಾಂಗ ನಂಬೂದ್ರಿ?"

"ನನ್ನ ನಂಬಬ್ಯಾಡ್ರಿ," ಎಂದೆ. "ಹನಿ ಹಾಕ್ರಿ."

ಹಾಕಿದರು. ನೀಲಿ ನಿಂತಿತು. ಸಾಲಾಗಿ ಬಂದು ಎಲ್ಲರೂ ಲೋಟದೊಳಗೆ ಬಗ್ಗಿ ನೋಡಿದರು, ಕೆಲವರು ಎರಡು ಸಲ. ಆಮೇಲೆ ಬೆಲ್ಲ ತಿಂದು ಮುಖ ಕಿವುಚಿದರು. ಉಪ್ಪುಪ್ಪು ಐತ್ರಿ ಎಂದರು. ಹೌದು, ಅದು ನೆಲದ ಉಪ್ಪು, ನಾನು ಹಾಕಿದ್ದಲ್ಲ ಎಂದೆ. ತಂಗಿ ಬೋರ್ಡಿನ ಕಡೆ ತಿರುಗಿ ನಗು ನುಂಗುತ್ತಿದ್ದಳು.

ಇಷ್ಟಕ್ಕೇ ನಿಲ್ಲಿಸಿದ್ದರೆ ಇದು ನನಗೆ ಒಪ್ಪುವ ಕತೆಯಾಗುತ್ತಿತ್ತು. ಆದರೆ ಮಾತು ಕೊಟ್ಟ ಮೇಲೆ ನಾನು ಹಾಕಿದ್ದು ಒಂದು ಸಲವಲ್ಲ, ಎರಡು ಸಲ.

ಮೊದಲನೆಯದು ಅದಕ್ಕೂ ಮುಂಚೆ, ಸಂಕ್ರಾಂತಿಗೆ. ಅವಳ ಶಾಲೆಯ ಶಿಕ್ಷಕರು ಹೋಳಿಗೆಗೆ, ಎಳ್ಳಿಗೆ ನಮ್ಮ ಬೆಲ್ಲ ಕೇಳಿದ್ದರು. ಅದೂ ಸವಳು ಪಟ್ಟಿಯ ಕಬ್ಬು, ಹೊಳೆಯ ದಂಡೆಯದೆಂದು ಅವಳು ತಿಳಿದಿದ್ದಳು. ಅವಳು ಆ ಹಳದಿ ಪೆಂಟಿಗಳನ್ನು ಸ್ಕೂಟಿಯ ಮುಂದೆ ಇಟ್ಟುಕೊಂಡು ಹೋಗಿ, ಏನೂ ಹಾಕಿಲ್ಲರೀ ಎಂದು ತನ್ನ ಬಾಯಿಂದ ಹೇಳಿ, ತನ್ನ ಕೈಯಿಂದ ಕೊಟ್ಟಳು. ಅದನ್ನು ಎಲ್ಲರೂ ತಿಂದು ಮುಗಿಸಿದ್ದರು. ಪರೀಕ್ಷೆಗೆ ಒಂದು ಚೂರೂ ಉಳಿದಿರಲಿಲ್ಲ. ಯಾವ ಹನಿಯೂ ಅದನ್ನು ಹಿಡಿಯಲಾರದು ಎಂಬ ಧೈರ್ಯದ ಮೇಲೆ ನಾನು "ಇದೊಂದ ಸಲ" ಎಂದಿದ್ದೆ. ಮಕ್ಕಳ ಮುಂದೆ ನಿಂತಾಗಲೂ ಅದನ್ನು ಬಿಟ್ಟೇ ಹೇಳಿದೆ. ನನ್ನ ನಂಬಬ್ಯಾಡ್ರಿ ಎಂದದ್ದು ಅವರಿಗೆ ನಮ್ರತೆಯಾಗಿ ಕಂಡಿರಬೇಕು. ನನಗೆ ಮಾತ್ರ ಅದು ಅವತ್ತು ನಾನು ಆಡಿದ ಅತಿ ಖರೆ ಮಾತು ಎಂದು ಗೊತ್ತಿತ್ತು.

ಈ ಬರಹವನ್ನು ಶಾಲೆಗೆ ಹೋಗಿ ಬಂದ ಕತೆಯ ತನಕ ಬರೆದು ತಂಗಿಗೆ ಓದಲು ಕೊಟ್ಟೆ. ಅವಳು ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಓದುತ್ತಿದ್ದಳು. ಒಳಗೆ ಅವ್ವ ರೊಟ್ಟಿ ಬಡಿಯುತ್ತಿದ್ದಳು. ತನ್ನ ಬಗ್ಗೆ ಬರೆದದ್ದನ್ನು ಓದುವಾಗ ಅವಳ ಕಿವಿ ಕೆಂಪಾದದ್ದು ಕಂಡೆ. ಆ ಕಿವಿ ನೋಡುತ್ತ ನನಗೆ ಕೂರಲಾಗಲಿಲ್ಲ. ಅಲ್ಲೇ ಸಂಕ್ರಾಂತಿಯದನ್ನೂ ಹೇಳಿಬಿಟ್ಟೆ.

ರೊಟ್ಟಿಯ ಸಪ್ಪಳ ನಿಂತಿತು. ತಂಗಿ ಹಾಳೆಗಳನ್ನು ಜೋಡಿಸಿ ತೊಡೆಯ ಮೇಲೆ ಇಟ್ಟುಕೊಂಡು, ಮೇಲೆ ಅಂಗೈ ಒತ್ತಿದಳು. ನಾಳೆ ಶಿಕ್ಷಕರ ಕೋಣೆಯಲ್ಲಿ ತಾನೇ ಹೇಳುತ್ತೇನೆ, ಕೊಟ್ಟ ಕೈ ತನ್ನದು ಎಂದಳು. ನಾನು ಬರುತ್ತೇನೆ ಎಂದರೆ ಬೇಡ ಎಂದಳು. ಹಾಳೆಗಳನ್ನು ನನ್ನ ಕೈಗೆ ತಿರುಗಿ ಕೊಟ್ಟಳು.

"ಅದನ್ನೂ ಬರಿ," ಎಂದಳು.

ಮರುದಿನ ಮುಂಜಾನೆ ಅವಳು ಎಂದಿನ ಹೊತ್ತಿಗೇ ಸ್ಕೂಟಿ ತೆಗೆದಳು. ಹೋಗುವ ಮೊದಲು ಆ ಕರಿ ಬೆಲ್ಲದ ಒಂದು ಪೆಂಟಿಯನ್ನು ಮುಂದೆ ಇಟ್ಟುಕೊಂಡು, ಜಾರದಂತೆ ಎರಡು ಕಾಲಿನ ನಡುವೆ ಹಿಡಿದುಕೊಂಡಳು. ಅದಕ್ಕೆ ಏನೂ ಹಾಕಿರಲಿಲ್ಲ. ನಾನು ಬಾಯಿ ತೆರೆದು ಅಷ್ಟು ಹೇಳುವ ಮೊದಲೇ ಅವಳು ಅಯೋಡಿನ್ ಬಾಟಲಿಯನ್ನು ತೋರಿಸಿ, ಚೀಲಕ್ಕೆ ಹಾಕಿಕೊಂಡು ಹೋದಳು.